ಹಾವಿನ ದಿನದ ಹಿಂದಿನ ಮಧ್ಯಾಹ್ನ

"ಹಳೇ ಬಾಟ್ಲಿ ಮುಗೀತಾ ಅಜ್ಜ?" ಎಂದು ಶಿಗೆಮಿ ಕೇಳಿದಳು. ಕೌಂಟರಿನ ಆಚೆ ಕೂತಿದ್ದ ಮುದುಕ "ಒಂದು ಹೊತ್ತೂ ತಪ್ಪಿಸಿಲ್ಲಮ್ಮ" ಎನ್ನುತ್ತಲೇ ಕಣ್ಣಿನ ಹನಿಯ ಬಾಟಲಿಯನ್ನು ತೆಗೆದು ಅವಳ ಮುಂದಿಟ್ಟ. ಔಷಧಿ ಅದರ ಕತ್ತಿನವರೆಗೂ ಹಾಗೇ ಇತ್ತು. ಎದುರುಗಡೆ ಕಣ್ಣಿನ ಆಸ್ಪತ್ರೆ ಇದ್ದುದರಿಂದ ಈ ಔಷಧಿ ಅಂಗಡಿಗೆ ಬರುವವರೆಲ್ಲ ಕಣ್ಣಿನವರೇ, ಹೇಳುವ ಸುಳ್ಳೂ ಹೆಚ್ಚು ಕಡಿಮೆ ಒಂದೇ. ವರ್ಷಗಟ್ಟಲೆ ಕೇಳಿ ಶಿಗೆಮಿ ಅವುಗಳಲ್ಲೂ ಜಾತಿ ವಿಂಗಡಿಸಬಲ್ಲವಳಾಗಿದ್ದಳು: ಮರೆತವರದು ಬೇರೆ, ಹನಿ ಉರಿಯುತ್ತದೆಂದು ಹೆದರಿದವರದು ಬೇರೆ, ಡಾಕ್ಟರ ಮನಸ್ಸಿಗೆ ನೋವಾಗದಿರಲಿ ಎಂದು ಹೇಳುವವರದು ಬೇರೆ. ಬೇರೆ ದಿನವಾಗಿದ್ದರೆ ಬಾಟಲಿಯನ್ನು ಬೆಳಕಿಗೆ ಹಿಡಿದು, ನಗುತ್ತಲೇ ಒಂದು ಮಾತು ಆಡಿ, ಮುದುಕನೂ ನಗುವಂತೆ ಮಾಡಿ ಕಳಿಸುತ್ತಿದ್ದಳು. ಇವತ್ತು ಅದನ್ನು ಮುಟ್ಟಲೂ ಕೈ ಬರಲಿಲ್ಲ. ಹೊಸ ಬಾಟಲಿಯನ್ನು ಚೀಲಕ್ಕೆ ಹಾಕಿಕೊಟ್ಟು, ಬೇಕಾದ್ದಕ್ಕಿಂತ ಹೆಚ್ಚು ಬಾಗಿ ನಮಸ್ಕರಿಸಿದಳು. ತನ್ನ ಸುಳ್ಳು ಯಾವ ಜಾತಿಯದು ಎಂದು ಈ ವಾರವಿಡೀ ಹುಡುಕುತ್ತಿದ್ದಳು. ಅದು ಯಾವ ಸಾಲಿಗೂ ಸೇರುತ್ತಿರಲಿಲ್ಲ.

ಗುರುವಾರ ಮಧ್ಯಾಹ್ನದ ಮೇಲೆ ಆಸ್ಪತ್ರೆಗೆ ರಜೆ, ಹಾಗಾಗಿ ಅಂಗಡಿಗೂ ರಜೆ. ಬಿಳಿ ಕೋಟು ಕಳಚುತ್ತಿದ್ದಾಗ ಹಿಂದಿನಿಂದ ಜೊತೆಗೆ ಕೆಲಸ ಮಾಡುವ ಮಿಯಾವಾಕಿ ಸಾನ್ ಧ್ವನಿ ಕೇಳಿತು. "ತೊಗಾವಾ ಸಾನ್, ಹೊರಗೆ ನಿಂತಿರೋರು ನಿಮ್ಮ ಯಜಮಾನ್ರಲ್ವಾ?" ಗಾಜಿನಾಚೆ, ತಂಪು ಪಾನೀಯದ ಯಂತ್ರದ ಪಕ್ಕದಲ್ಲಿ ಇಸಾವೊ ನಿಂತಿದ್ದ. ಎದೆಯ ಹತ್ತಿರ ಅವನ ಕೋಟು ಉಬ್ಬಿಕೊಂಡಿತ್ತು; ಒಳಗೆ ಬಟ್ಟೆಯ ಚೀಲ, ಚೀಲದೊಳಗೆ ಹಾವು. "ಓ, ನಮ್ಮ ಹಾವಿನ ಅಮ್ಮನೋರನ್ನೂ ಕರ್ಕೊಂಡು ಬಂದಿದಾರೆ!" ಎಂದು ಮಿಯಾವಾಕಿ ಸಾನ್ ಸಂಭ್ರಮದಿಂದ ಏಪ್ರನ್ನಿನ ಜೇಬನ್ನು ತಟ್ಟಿಕೊಂಡಳು. ಜೇಬಿನಲ್ಲಿ ಅವಳ ಹೊಸ ಹಳದಿ ಪರ್ಸು ಇರುವುದು ಅಂಗಡಿಯವರಿಗೆಲ್ಲ ಗೊತ್ತು. "ನಿಮ್ಗೆ ಹೇಳ್ಲಿಲ್ಲ ಅಲ್ವಾ? ಪೇಟೆ ಬೀದಿಯ ಚೀಟಿ ಎತ್ತೋದ್ರಲ್ಲಿ ನಂಗೆ ಅಕ್ಕಿ ಮೂಟೆ ಬಂತು! ಹುಟ್ಟಿದಾಗ್ಲಿಂದ ನಂಗೆ ಬಂದಿರೋದೆಲ್ಲ ಕೈ ಒರೆಸೋ ಕಾಗದದ ಪೊಟ್ಟಣ." ಔಷಧಿ ಕಪಾಟಿನ ಹಿಂದಿನಿಂದ ಚಿಕ್ಕವಳು ಕೊಜುಎ ಕತ್ತು ಹೊರಗೆ ಹಾಕಿ, "ದೇವಸ್ಥಾನದ ಅಂಗಡೀಲಿ ಮಾರೋ ಪೊರೆ ಯಾವ ಕಾಲದ್ದೋ ಏನೋ. ನಮ್ಮದು ತಾಜಾ ಮಾಲು" ಎಂದಳು. ಇಬ್ಬರೂ ನಕ್ಕರು. ಶಿಗೆಮಿಯೂ ನಕ್ಕಳು. ನಕ್ಕ ಮೇಲೆ ಅವಳ ಬಾಯಿಯ ಎರಡು ಬದಿಯೂ ಹಾಗೇ ಬಿಗಿದುಕೊಂಡಿದ್ದು, ರಸ್ತೆಗೆ ಬಂದಾಗಲೂ ಸಡಿಲಾಗಲಿಲ್ಲ.

"ಚಳಿ ಆಗ್ತಿದೆಯೇನೋ ಅದಕ್ಕೆ" ಎಂದ ಇಸಾವೊ. ತನ್ನ ಚಳಿಯ ಬಗ್ಗೆ ಏನೂ ಹೇಳಲಿಲ್ಲ. ಅವನು ಒಂಟಿಯಾಗಿ ಇಷ್ಟು ದೂರ ನಡೆದು ಬಂದದ್ದು ಕಳೆದ ಚಳಿಗಾಲದ ನಂತರ ಇದೇ ಮೊದಲು. ಹಡಗು ಕಂಪನಿಯ ಕಚೇರಿಯಿಂದ ಅವನು ಕಾಯಿಲೆ ರಜೆಯ ಮೇಲೆ ಬಂದು ಒಂದು ವರ್ಷವಾಗಿತ್ತು. ಮೊದಮೊದಲು ಮಲಗುವ ಕೋಣೆಯ ಪರದೆ ಸರಿಸಲೂ ಬಿಡುತ್ತಿರಲಿಲ್ಲ. ಊಟ ಬೇಕೇ ಎಂದರೆ ಹೂಂ, ಬೇಡವೇ ಎಂದರೂ ಹೂಂ. ಆ ಹೂಂಗಳ ನಡುವೆ ಒಂದು ಸಂಜೆ ಅವನು ತಾನಾಗಿ ಒಂದು ವಾಕ್ಯ ಆಡಿದ್ದ: "ಹಾವು ಸಾಕೋಣ್ವಾ?" ಶಿಗೆಮಿ ಆ ವಾಕ್ಯ ಎಲ್ಲಿ ಮುರಿದುಹೋದೀತೋ ಎಂಬ ಭಯದಿಂದ ತಕ್ಷಣ "ಸಾಕೋಣ" ಎಂದಿದ್ದಳು. ಒಕಾಯಾಮಾದ ಅಂಗಡಿಯಿಂದ ತಂದದ್ದು ಆಫ್ರಿಕಾದ ಒಂದು ಸಣ್ಣ ಜಾತಿಯ ಹೆಬ್ಬಾವು. ಹೆದರಿದರೆ ತಲೆಯನ್ನು ನಡುವಿಗಿಟ್ಟುಕೊಂಡು ಚೆಂಡಿನಂತೆ ಸುತ್ತಿಕೊಳ್ಳುತ್ತದೆ. ಹೊರಗೆ ಸುಟ್ಟ ಹಪ್ಪಳದ ಬಣ್ಣ, ಒಳಗೆ ಕೆಂಪು ಅವರೆಯ ಹೂರಣದ ಬಣ್ಣ ಎಂದು ಇಸಾವೊ ಅದಕ್ಕೆ ಮೊನಾಕ ಎಂದು ತಿಂಡಿಯ ಹೆಸರೇ ಇಟ್ಟ. ಅದು ಬಂದ ಮೇಲೆ ಅವನು ಬೆಳಿಗ್ಗೆ ಏಳತೊಡಗಿದ, ನೀರು ಬದಲಿಸಬೇಕಲ್ಲ ಎಂದು. ಪರದೆಯನ್ನೂ ಸರಿಸಿದ.

ಪ್ರಾಣಿಗಳ ಡಾಕ್ಟರಲ್ಲಿಗೆ ಹೋಗುವ ರೈಲಿನಲ್ಲಿ ಅವರಿಗೆ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಇಸಾವೊ ಎರಡೂ ಅಂಗೈಗಳನ್ನು ಕೋಟಿನ ಉಬ್ಬಿನ ಕೆಳಗೆ ಕೊಟ್ಟುಕೊಂಡು, ಬಸುರಿ ಹೆಂಗಸಿನಂತೆ, ಕೂತ. ಹೊರಗೆ ಒಣಗಿದ ಕೆರೆಗಳು ಒಂದಾದ ಮೇಲೊಂದು ಹಿಂದೆ ಸರಿದವು. ಈ ಸೀಮೆಗೆ ಮಳೆಯೇ ಕಡಿಮೆ. ಚಳಿಗಾಲದಲ್ಲಿ ತುಟಿ ಬಿರಿಯುತ್ತದೆ, ಮರದ ಬಾಗಿಲು ಸಂದು ಬಿಡುತ್ತದೆ. "ಎಲ್ಲ ನನ್ನಿಂದಲೇ ಆಯ್ತು" ಎಂದ ಇಸಾವೊ, ಕಿಟಕಿಗೆ ಹೇಳಿದಂತೆ. "ಹೀಟರ್ ಹಾಕಿಟ್ಟು ಹೋಗ್ಬಾರ್ದಿತ್ತು. ಗಾಳಿ ಒಣಗಿದ್ರೆ ಪೊರೆ ಕಣ್ಣಿಗೆ ಅಂಟಿಕೊಳ್ಳತ್ತೆ ಅಂತ ಓದಿದ್ದೆ. ಓದಿಯೂ ಹಾಕಿಟ್ಟು ಹೋದೆ." ಶಿಗೆಮಿ ಅವನ ತೋಳಿನ ಮೇಲೆ ಕೈಯಿಟ್ಟಳು. ಸಮಾಧಾನ ಮಾಡುವವಳ ಕೈ ಅದು. ಇಟ್ಟ ಮೇಲೆ ಅದನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಹೇಗೆಂದು ಗೊತ್ತಾಗದೆ, ಮೂರನೆಯವರ ವಸ್ತುವನ್ನು ನೋಡುವಂತೆ ಅದನ್ನೇ ನೋಡುತ್ತ ಕೂತಳು.

ಓದಿದ್ದು ಅವನು, ಕೇಳಿಸಿಕೊಂಡಿದ್ದು ಅವಳು. ತಂದ ತಿಂಗಳಲ್ಲೇ ಹಾವು ಗೂಡಿನಿಂದ ಹೊರಗೆ ಬರುವುದನ್ನು ನಿಲ್ಲಿಸಿತ್ತು, ಇಲಿಮರಿಯನ್ನು ಮೂಸಿಯೂ ನೋಡಲಿಲ್ಲ. ನೀರಿನ ಬಟ್ಟಲು ಇಡಲು ಹೋದ ಕೈಗೆ ಬುಸ್ಸೆಂದು ಹೊಡೆಯಿತು. ಮೈಯ ಬಣ್ಣ ಬೂದಿ ಬಳಿದಂತಾಗಿ, ಎರಡೂ ಕಣ್ಣುಗಳಲ್ಲಿ ನೀಲಿಯಾಗಿ ಹಾಲು ಕಟ್ಟಿಕೊಂಡಿತ್ತು. ದಿನಬೆಳಗಾದರೆ ಕಣ್ಣಿನ ರೋಗದವರನ್ನೇ ನೋಡುವ ಶಿಗೆಮಿ, ಕುರುಡಾಯಿತೆಂದು ಗಾಬರಿಬಿದ್ದು ಅಂಗಡಿಯಿಂದ ಹನಿ ತಂದಿದ್ದಳು. ಅದನ್ನು ಹಾಕದಂತೆ ತಡೆದವನು ಇಸಾವೊ. "ರೋಗ ಅಲ್ಲ ಇದು. ಹಾವಿಗೆ ರೆಪ್ಪೆ ಇಲ್ಲ ನೋಡು, ಕಣ್ಣಿನ ಮೇಲೂ ಒಂದು ಚರ್ಮ, ಗಾಜಿನ ಮುಚ್ಚಳದ ಹಾಗೆ. ಹಳೇ ಮುಚ್ಚಳಕ್ಕೂ ಹೊಸದಕ್ಕೂ ಮಧ್ಯೆ ನೀರು ತುಂಬತ್ತೆ. ಈಗ ಅದಕ್ಕೆ ಏನೂ ಕಾಣ್ಸಲ್ಲ, ಅದಕ್ಕೇ ಹೆದರಿಕೆ, ಅದಕ್ಕೇ ಹೊಡೆಯೋದು." ಊಟದ ಮೇಜಿನಲ್ಲಿ, ಬಟ್ಟಲಿನ ಉದೋನ್ ಶಾವಿಗೆ ತಣ್ಣಗಾಗುತ್ತಿದ್ದರೂ ಲೆಕ್ಕಿಸದೆ, ಅವನು ಚಾಪ್‌ಸ್ಟಿಕ್‌ನಿಂದ ಗಾಳಿಯಲ್ಲಿ ಕಣ್ಣು ಬರೆದು ತೋರಿಸುತ್ತಿದ್ದ. ಅವನ ಧ್ವನಿಯನ್ನು ಕೇಳುವ ಆಸೆಗೆ ಅವಳು ಗೊತ್ತಾದದ್ದನ್ನೂ ಗೊತ್ತಾಗದವಳಂತೆ ಮತ್ತೆ ಮತ್ತೆ ಕೇಳಿದ್ದಳು. "ಕಣ್ಣು ತಿಳಿಯಾದ್ರೆ ಮುಗೀತು ಅಂತ ಜನ ತಿಳ್ಕೋತಾರೆ. ಅಲ್ಲೇ ತಪ್ಪಾಗೋದು. ಆಮೇಲೂ ಕಾಯಬೇಕು. ಒಳಗಿನ ಚರ್ಮ ಗಟ್ಟಿಯಾಗಬೇಕು. ಅದೇ ಕಲ್ಲಿಗೋ ಕಡ್ಡಿಗೋ ಮೂತಿ ಉಜ್ಜಿಕೊಂಡು ಶುರು ಮಾಡತ್ತೆ. ನಾವು ಮುಟ್ಟಬಾರದು." ಇಷ್ಟನ್ನೂ ಅವಳು ಕೇಳಿಸಿಕೊಂಡಿದ್ದಳು. ತಿಳಿಯದೆ ಆದದ್ದು ಎಂದು ಹೇಳಿಕೊಳ್ಳುವ ದಾರಿಯನ್ನು ಅವನ ಆ ಸಂತೋಷದ ಮಾತುಗಳೇ ಮುಚ್ಚಿಬಿಟ್ಟಿದ್ದವು.

ಹಾವಿನ ವಿಷಯ ಅಂಗಡಿಯಲ್ಲಿ ಅವಳು ಎತ್ತಿದ್ದಾದರೂ ಯಾಕೆ? ಊಟದ ಬಿಡುವಿನಲ್ಲಿ ಮಿಯಾವಾಕಿ ಸಾನ್ ಗಂಡನ ಗೊರಕೆ, ಕೊಜುಎಯ ಹೊಸ ಗೆಳೆಯ, ಇವೆಲ್ಲ ಮಾತಾಗುವಾಗ ಅವಳ ಸರದಿ ಬಂದರೆ ಉಳಿದವರು ಮೆಲ್ಲಗೆ ಬೇರೆ ಕಡೆ ಹೊರಳುತ್ತಿದ್ದರು. ಗಂಡ ಮನೆಯಲ್ಲಿರುವವಳನ್ನು ಏನು ಕೇಳುವುದು? ಆ ಮರ್ಯಾದೆಯ ಮೌನ ಅವಳಿಗೆ ಅಭ್ಯಾಸವಾಗಿತ್ತು. ಆದರೆ ಒಂದು ದಿನ ಮಿಯಾವಾಕಿ ಸಾನ್ ಹೊಸ ಪರ್ಸನ್ನು ಮೇಜಿನ ಮೇಲಿಟ್ಟು, ಪಂಚಾಂಗದಲ್ಲಿ ಹಾವಿನ ದಿನ ನೋಡಿ ಇದಕ್ಕೆ ದುಡ್ಡು ಹಾಕಬೇಕು, ಹಾವಿನ ಪೊರೆ ಒಂದು ಚೂರು ಸಿಕ್ಕರೆ ಒಳಗಿಟ್ಟುಕೊಳ್ಳಬೇಕು, ಲಕ್ಷ್ಮಿ ನಿಲ್ಲುತ್ತಾಳೆ ಎಂದಾಗ, "ನಮ್ಮನೇಲಿ ಹಾವಿದೆ" ಎಂಬ ಮಾತು ಶಿಗೆಮಿಯ ಬಾಯಿಂದ ಹೊರಬಿತ್ತು. ಎರಡೂ ಮುಖಗಳು ಒಮ್ಮೆಲೇ ಅವಳತ್ತ ತಿರುಗಿದವು. ಎಷ್ಟು ಉದ್ದ? ಏನು ತಿನ್ನುತ್ತೆ? ಯಜಮಾನ್ರಿಗೆ ಹೆದರಿಕೆ ಇಲ್ವಾ? ಇಸಾವೊ ಊಟದ ಮೇಜಿನಲ್ಲಿ ಹೇಳಿದ್ದನ್ನೆಲ್ಲ ಅವಳು ತನ್ನದೇ ಎಂಬಂತೆ ಹೇಳಿದಳು, ಚಾಪ್‌ಸ್ಟಿಕ್‌ನಿಂದ ಗಾಳಿಯಲ್ಲಿ ಕಣ್ಣನ್ನೂ ಬರೆದಳು. ಅಂದಿನಿಂದ ಬಿಡುವಿನ ಹೊತ್ತಿಗೆ ಅವಳ ಪಕ್ಕದ ಕುರ್ಚಿ ಖಾಲಿ ಉಳಿಯಲಿಲ್ಲ. "ನಂಗೆ ತಲೆ ಕಡೇದೇ ಬೇಕು ತೊಗಾವಾ ಸಾನ್. ಕಣ್ಣಿರೋ ಭಾಗ ಇಟ್ಕೊಂಡ್ರೆ ದುಡ್ಡು ಹೋಗೋ ದಾರಿ ಕಾಣ್ಸತ್ತಂತೆ, ಹಿಡ್ಕೊಳ್ಳತ್ತಂತೆ." ಹಾವಿನ ದಿನ ಹೋದ ವಾರದ ಶುಕ್ರವಾರ ಬಿದ್ದಿತ್ತು. ಅದರ ಹಿಂದಿನ ದಿನ, ಗುರುವಾರ ಬೆಳಿಗ್ಗೆ ಮಿಯಾವಾಕಿ ಸಾನ್ "ಇನ್ನೂ ಬಿಟ್ಟಿಲ್ವಾ? ಇರ್ಲಿ ಬಿಡಿ, ಹಾವನ್ನ ಅವಸರ ಮಾಡೋಕಾಗತ್ತಾ, ದೇವಸ್ಥಾನದ್ದೇ ತಂದುಕೋತೀನಿ" ಎಂದಳು. ಕೆಡುಕಿಲ್ಲದೆ ಆಡಿದ ಮಾತು. ಆದರೆ ಹೇಳುತ್ತಲೇ ಅವಳ ಮುಖ ಕೊಜುಎಯ ಕಡೆ ಹೊರಳುತ್ತಿತ್ತು. ಆ ಹೊರಳುವಿಕೆಯನ್ನು ತಾಳಲಾರದೆ ಶಿಗೆಮಿ ಅಂದಳು: "ಇಲ್ಲ ಇಲ್ಲ, ನಿನ್ನೇನೇ ಬಿಡ್ತು. ನಾಳೆ ತರ್ತೀನಿ."

ಆ ಮಧ್ಯಾಹ್ನ ಇಸಾವೊ ತನ್ನ ಆಸ್ಪತ್ರೆಗೆ ಹೋಗುವ ದಿನ. ಬಾಗಿಲಲ್ಲಿ ಬೂಟಿನ ದಾರ ಕಟ್ಟುತ್ತ, ತಲೆಯೆತ್ತದೆ ಹೇಳಿದ್ದ: "ಶುರುವಾದ್ರೆ ಫೋನ್ ಮಾಡು. ಡಾಕ್ಟ್ರನ್ನ ಬಿಟ್ಟು ಬಂದ್ಬಿಡ್ತೀನಿ." ಡಾಕ್ಟರನ್ನು ಬಿಟ್ಟು ಬರುವೆನೆಂದು ಹೇಳುವಾಗ ಅವನ ಬೆನ್ನು ನಕ್ಕಂತೆ ಕಂಡಿತ್ತು. ಬಾಗಿಲು ಮುಚ್ಚಿದ ಮೇಲೆ ಅವಳು ಸ್ನಾನದ ಮನೆಯಲ್ಲಿ ಬೋಗುಣಿಗೆ ಉಗುರುಬೆಚ್ಚಗಿನ ನೀರು ಹಿಡಿದಳು.

"ತೊಗಾವಾ ಸಾನ್" ಎಂದು ಕರೆದರು. ಒಂದು ಕ್ಷಣ ಅಂಗಡಿಯಲ್ಲೇ ಇದ್ದೇನೆ ಎನ್ನಿಸಿ ಶಿಗೆಮಿ ಬೆಚ್ಚಿದಳು. ಪ್ರಾಣಿಗಳ ಆಸ್ಪತ್ರೆಯಲ್ಲಿ, ಪಕ್ಕದ ಬೆಂಚಿನ ಮೇಲೆ ಕೊರಳಿಗೆ ಪ್ಲಾಸ್ಟಿಕ್ಕಿನ ಆಲಿಕೆ ಕಟ್ಟಿಸಿಕೊಂಡ ನಾಯಿಯೊಂದು ಕೂತಿತ್ತು. ಅದರ ಒಡತಿ ಇಸಾವೊನ ಕೋಟಿನತ್ತ ನೋಡಿ "ಬೆಕ್ಕಿನ ಮರಿಯಾ?" ಎಂದು ಪ್ರೀತಿಯಿಂದ ಕೇಳಿದ್ದಳು. ಹಾವು ಎಂದ ಮೇಲೆ ನಾಯಿಯನ್ನು ತೊಡೆಯ ಮೇಲೆಳೆದುಕೊಂಡಳು.

ಓನಿಶಿ ಡಾಕ್ಟರು ನಾಯಿ ಬೆಕ್ಕುಗಳವರು. ಹಾವು ಹಲ್ಲಿಗಳನ್ನೂ ನೋಡುವವರು ಊರಲ್ಲಿ ಬೇರೆ ಇರಲಿಲ್ಲ. ಮೇಜಿನ ಮೇಲೆ ಚೀಲ ಬಿಚ್ಚಿದಾಗ ಹಾವು ಚೆಂಡಾಗಿಯೇ ಇತ್ತು. ಇಸಾವೊ ಬಲವಂತ ಮಾಡದೆ, ಚೆಂಡನ್ನು ಅಂಗೈಯಲ್ಲಿ ಹಿಡಿದು ಸುಮ್ಮನೆ ಕಾದ. ಸ್ವಲ್ಪ ಹೊತ್ತಿಗೆ ಸುರುಳಿ ಸಡಿಲಿಸಿ ತಲೆ ಹೊರಬಂತು. ಬಲಗಣ್ಣು ಕಪ್ಪಗೆ, ಮಿರಿಮಿರಿ. ಎಡಗಣ್ಣು ಮಂಕಾಗಿ, ನಡುವೆ ಹಳ್ಳಬಿದ್ದು, ಹಳೆಯ ಅಂಗಿಯ ಗುಂಡಿಯಂತಿತ್ತು.

"ಪೊರೆ ತಾನಾಗೇ ಬಿಡ್ತಾ?"

"ಹೌದು ಡಾಕ್ಟ್ರೇ. ನಾನು ಮನೇಲಿರ್ಲಿಲ್ಲ. ಇವಳು ನೋಡೋ ಹೊತ್ತಿಗೆ ಮುಗಿದಿತ್ತಂತೆ" ಎಂದ ಇಸಾವೊ. "ತಪ್ಪು ನಂದು. ಹೀಟರ್ ಹಾಕಿದ್ದೆ, ಕೋಣೆ ಒಣಗಿತ್ತು."

"ತಲೆ ಭಾಗದ ಪೊರೆ ತಂದಿದೀರಾ? ಅದ್ರಲ್ಲಿ ಎರಡೂ ಕಣ್ಣಿನ ಮುಚ್ಚಳ ಇದ್ರೆ ಇಲ್ಲಿ ಏನೂ ಉಳಿದಿಲ್ಲ ಅಂತ ಖಾತ್ರಿ ಆಗತ್ತೆ."

"ಹರಿದು ಹೋಗಿತ್ತಂತೆ, ಕಸಕ್ಕೆ ಹೋಯ್ತು. ಅದೂ ನಾನೇ ಹೇಳಿ ಹೋಗ್ಬೇಕಿತ್ತು, ಇಟ್ಟಿರು ಅಂತ."

ಒಂದಾದ ಮೇಲೊಂದು ಅವನು ತನ್ನ ಮೇಲೆ ಹೊತ್ತುಕೊಳ್ಳುತ್ತಿದ್ದ. ಶಿಗೆಮಿಗೆ ಆ ಧ್ವನಿ ಗೊತ್ತಿತ್ತು. ಪರದೆ ಮುಚ್ಚಿದ ಕೋಣೆಯಿಂದ ವರ್ಷದ ಹಿಂದೆ ಬರುತ್ತಿದ್ದ ಧ್ವನಿ ಅದು: ಹಡಗು ತಡವಾದದ್ದೂ ತನ್ನಿಂದ, ಮಂಜು ಕವಿದದ್ದೂ ತನ್ನಿಂದ. ಈ ವಾರ ಅದು ಮನೆಗೆ ಮರಳಿ ಬಂದಿದ್ದನ್ನು ಅವಳು ಕೇಳಿದ್ದಳು. ಕೇಳಿಯೂ ಅವನ ಮಾತ್ರೆಯ ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿದ್ದಳೇ ಹೊರತು, ಒಂದೇ ವಾಕ್ಯದಿಂದ ಅದನ್ನು ನಿಲ್ಲಿಸಬಲ್ಲೆ ಎಂದು ಗೊತ್ತಿದ್ದರೂ ಆ ವಾಕ್ಯ ಆಡಿರಲಿಲ್ಲ. ನಾಳೆ ಹೇಳಿದರಾಯಿತು, ಅವನ ಮನಸ್ಸು ಸ್ವಲ್ಪ ಸುಧಾರಿಸಲಿ ಎಂದುಕೊಂಡಳು. ಅವನ ಮನಸ್ಸಿನ ನೆಪದಲ್ಲಿ ಕಾಪಾಡಿಕೊಳ್ಳುತ್ತಿರುವುದು ಯಾರನ್ನು ಎಂಬ ಪ್ರಶ್ನೆ ಬಂದಾಗ ಎದ್ದು ಹೋಗಿ ಅಕ್ಕಿ ತೊಳೆದಳು.

"ಹಾಗಾದ್ರೆ ಹಳೇ ಮುಚ್ಚಳ ಅಂಟಿಕೊಂಡಿದೆ ಅಂತ್ಲೇ ಇಟ್ಕೊಳ್ಳೋಣ" ಎಂದರು ಡಾಕ್ಟರು. "ನೋಡೋಕೂ ಹಾಗೇ ಇದೆ. ಒದ್ದೆ ಮಾಡಿ, ಅಂಚು ಸಿಕ್ಕಿದ್ರೆ ಎತ್ತಿ ತೆಗೀತೀನಿ. ಗಟ್ಟಿಯಾಗಿ ಹಿಡ್ಕೊಳ್ಳಿ."

ನೀರಿನಲ್ಲಿ ಅದ್ದಿದ ಹತ್ತಿ ಕಣ್ಣಿನ ಮೇಲೆ ಕೂತಿತು. ಹಾವು ಕತ್ತನ್ನು ಹಿಂದಕ್ಕೆಳೆದುಕೊಂಡಿತು. ಅದೇ ಎಳೆತ. ಆ ಗುರುವಾರ ಬೋಗುಣಿಯ ಪಕ್ಕದಲ್ಲಿ ಕೂತು, ಒದ್ದೆ ಟವೆಲಿನಿಂದ ಮೂತಿಯನ್ನು ಉಜ್ಜಿ ಉಜ್ಜಿ, ತುಟಿಯ ಅಂಚಿನಲ್ಲಿ ಪೊರೆ ಎದ್ದಾಗ ಅವಳಿಗೆ ಎಂಥ ಸಂತೋಷವಾಗಿತ್ತು! ಕಾಲುಚೀಲ ಕಳಚಿದ ಹಾಗೆ, ಒಳಮೈ ಹೊರಗಾಗುತ್ತ ಅದು ಬಂದಿತ್ತು, ಬಲಗಣ್ಣಿನ ಮೇಲಿಂದ ಒಂದು ಹೊಳೆಯುವ ಬಟ್ಟಲು ಸುಸೂತ್ರವಾಗಿ ಎದ್ದಿತ್ತು. ಎಡಗಡೆ ಹಿಡಿಯಿತು. ಅಲ್ಲಿ ನಿಲ್ಲಿಸಬಹುದಿತ್ತು, ಹರಿದ ಚೂರನ್ನೇ ಒಯ್ದರೆ ಮಿಯಾವಾಕಿ ಸಾನ್ ಬೇಡವೆನ್ನುತ್ತಿದ್ದಳೇ? ಆದರೆ ಎರಡು ಕಣ್ಣೂ ಇರುವ ಇಡೀ ಮುಖವನ್ನು ಮೇಜಿನ ಮೇಲೆ ಬಿಡಿಸಿಟ್ಟಾಗ ಏಳುವ ಉದ್ಗಾರ ಆಗಲೇ ಅವಳ ಕಿವಿಯಲ್ಲಿತ್ತು. ಹುಬ್ಬು ಕೀಳುವ ಚಿಮ್ಮಟದಿಂದ ಹಿಡಿದು ಎಳೆದಳು. ಚಿಮ್ಮಟಕ್ಕೆ ಒಂದು ಸಣ್ಣ ತಡೆ ಸಿಕ್ಕಿತು, ಆಮೇಲೆ ಆ ತಡೆ ಇರಲಿಲ್ಲ. ಹಾವು ಕಚ್ಚಲಿಲ್ಲ. ತಲೆ ಕೊಡವಿಕೊಂಡು, ಕತ್ತಲೆ ಹುಡುಕುತ್ತ, ಅವಳ ಸ್ವೆಟರಿನ ತೋಳಿನೊಳಕ್ಕೇ ನುಗ್ಗಿ ಮೊಣಕೈಯ ಹತ್ತಿರ ಸುತ್ತಿಕೊಂಡು ಕೂತಿತು. ನೋಯಿಸಿದವಳ ತೋಳಿನಲ್ಲೇ ಅವಿತುಕೊಂಡ ಆ ತಣ್ಣನೆಯ ಭಾರ ಈಗಲೂ ಬಲಗೈಯಲ್ಲಿತ್ತು.

ಡಾಕ್ಟರು ಹತ್ತಿ ತೆಗೆದು ಚಿಮ್ಮಟ ಎತ್ತಿಕೊಂಡರು. ಇಸಾವೊ ಹಾವಿನ ಕತ್ತಿನ ಹಿಂದೆ ಬೆರಳಿಟ್ಟು ಕಣ್ಣು ಬೇರೆ ಕಡೆ ತಿರುಗಿಸಿಕೊಂಡ.

"ಅಲ್ಲಿ ಏನೂ ಇಲ್ಲ" ಎಂದಳು ಶಿಗೆಮಿ.

ಇಬ್ಬರೂ ಅವಳತ್ತ ನೋಡಿದರು. ಧ್ವನಿ ತೀರ ಸಣ್ಣದಾಗಿತ್ತು. ಕೇಳಿಸಲಿಲ್ಲವೇನೋ ಎಂದು ಜೋರಾಗಿ, ಬೇಕಾದ್ದಕ್ಕಿಂತ ಜೋರಾಗಿ ಹೇಳಿದಳು. "ಅಂಟಿಕೊಂಡಿಲ್ಲ ಡಾಕ್ಟ್ರೇ. ಎಳೀಬೇಡಿ. ಮುಚ್ಚಳ ನಾನು ಕಿತ್ತಿದೀನಿ. ಅದು ತಾನಾಗಿ ಬಿಡ್ಲಿಲ್ಲ, ನಾನು ನೀರಲ್ಲಿಟ್ಟು ಎಳೆದೆ. ಇನ್ನೂ ಬಿಡೋ ಹೊತ್ತಾಗಿರ್ಲಿಲ್ಲ, ನಂಗೊತ್ತಿತ್ತು."

"ಆ ತಲೆ ಭಾಗ?" ಎಂದರು ಡಾಕ್ಟರು, ಮೆಲ್ಲಗೆ.

"ಅಂಗಡೀಲಿ ಒಬ್ರ ಪರ್ಸಲ್ಲಿದೆ. ಎರಡೂ ಕಣ್ಣು ಇವೆ ಅದ್ರಲ್ಲಿ. ಹಾವಿನ ದಿನಕ್ಕೆ ಅಂತ ಕೇಳಿದ್ರು." ಇಷ್ಟು ಹೇಳಿದ ಮೇಲೆ ತಾನು ಬಾಗಿ ನಿಂತಿದ್ದೇನೆಂದು ಅವಳಿಗೆ ಗೊತ್ತಾಯಿತು. ಯಾರಿಗೆ ಬಾಗಿದ್ದು? ಮೇಜಿನ ಮೇಲೆ ಇದ್ದದ್ದು ಡಾಕ್ಟರ ಕೈ, ಗಂಡನ ಕೈ, ಹಾವು. ತಲೆಯೆತ್ತಲು ಆಗದೆ ಆ ಮೂರನ್ನೇ ನೋಡುತ್ತ ಹಾಗೇ ಇದ್ದಳು.

ಚಿಮ್ಮಟವನ್ನು ತಟ್ಟೆಗಿಟ್ಟ ಸದ್ದು ಕೇಳಿಸಿತು. ಡಾಕ್ಟರು ಭೂತಗಾಜು ತಂದು ಬಹಳ ಹೊತ್ತು ನೋಡಿದರು. ಹಳೆಯ ಮುಚ್ಚಳದ ಜೊತೆಗೆ ಹೊಸದೂ ಹರಿದಿದೆ, ಒಳಗಿನ ಕಣ್ಣು ಒಣಗುತ್ತಿದೆ ಎಂದರು. ಈಗ ಎಳೆಯಲು ಹೋಗಿದ್ದರೆ ಏನಾಗುತ್ತಿತ್ತು ಎಂಬುದನ್ನು ಹೇಳದೆ ಬಿಟ್ಟರು. ಆ ಸೌಜನ್ಯ ಅವಳನ್ನು ಇನ್ನಷ್ಟು ಕುಗ್ಗಿಸಿತು. ಮುಲಾಮು ಕೊಡುತ್ತೇನೆ, ಕಣ್ಣು ಉಳಿಯುತ್ತದೋ ಇಲ್ಲವೋ ಮುಂದಿನ ಪೊರೆ ಬಿಡುವವರೆಗೆ ಹೇಳಲಾಗದು ಎಂದರು. "ದಿನಾ ಹಾಕ್ಬೇಕು. ಸೂಕ್ಷ್ಮ ಕೆಲಸ. ನಿಮ್ಮಿಬ್ರಲ್ಲಿ ಯಾರು ಹಾಕ್ತೀರಿ?"

ಕಣ್ಣಿನ ಮುಲಾಮು ಹಾಕುವುದನ್ನು ಜನರಿಗೆ ಕಲಿಸುವುದೇ ಶಿಗೆಮಿಯ ಕಸುಬು. ಅವಳು ಬಾಯಿ ತೆರೆಯುವ ಮೊದಲೇ ಇಸಾವೊ ಹೇಳಿದ: "ನಾನು."

ನಿಲ್ದಾಣದವರೆಗೆ ಅವನು ಮುಂದೆ, ಅವಳು ಹಿಂದೆ ನಡೆದರು. ಟಿಕೆಟಿನ ಯಂತ್ರದ ಮುಂದೆ ಅವನು ಜೇಬು ತಡಕುತ್ತಿದ್ದಾಗ ಚೀಲ ಹಿಡಿದುಕೊಳ್ಳಲು ಅವಳು ಕೈ ಚಾಚಿದಳು. "ಬೇಡ" ಎಂದ. "ನೀನು ಮುಟ್ಟಬೇಡ ಅದನ್ನ." ಚಿಲ್ಲರೆ ನೆಲಕ್ಕೆ ಚೆಲ್ಲಿತು, ಒಂದೇ ಕೈಯಲ್ಲಿ ಬಗ್ಗಿ ಬಗ್ಗಿ ಅವನೇ ಹೆಕ್ಕಿಕೊಂಡ. ವರ್ಷವಿಡೀ ಎಲ್ಲಕ್ಕೂ ಹೂಂ ಎಂದವನು ಬೇಡ ಎಂದನಲ್ಲ ಎಂಬ ಒಂದು ಹಗುರ ಅವಳೊಳಗೆ ಎದ್ದಿತು. ಅವನಿಗೆ ಒಳ್ಳೆಯದೇ ಆಯಿತಲ್ಲವೇ ಎಂದು ಲೆಕ್ಕ ಹಾಕತೊಡಗಿದ ತನ್ನ ಮನಸ್ಸನ್ನು ಕಂಡು ಅವಳಿಗೆ ಹೇಸಿಗೆಯಾಯಿತು. ಇದರಿಂದಲೂ ಒಂದು ಚೂರು ಹರಿದುಕೊಂಡು ಜೇಬಿಗೆ ಹಾಕಿಕೊಳ್ಳುವುದೇ?

ರೈಲಿನಲ್ಲಿ ಶಾಲೆ ಬಿಟ್ಟ ಹುಡುಗಿಯರು ತುಂಬಿದ್ದರು. ಇಸಾವೊ ಸೀಟಿನ ತುದಿಯಲ್ಲಿ ಕೂತ, ಅವಳು ಪಕ್ಕದಲ್ಲಿ ಜಾಗ ಬಿಟ್ಟು ಕೂತಳು. ಎರಡು ನಿಲ್ದಾಣ ಕಳೆದ ಮೇಲೆ, ಎದುರಿನ ಕಿಟಕಿಯನ್ನೇ ನೋಡುತ್ತ ಅವನು ಕೇಳಿದ: "ಎಲ್ಲಿಂದ ಶುರುವಾಯ್ತು?"

"ಏನು?"

"ಪೊರೆ. ನಾನು ನೋಡ್ಬೇಕು ಅಂತಿದ್ದೆ. ಶುರುವಾದ್ರೆ ಫೋನ್ ಮಾಡು ಅಂದಿದ್ದೆ." ಧ್ವನಿ ಏರಲಿಲ್ಲ. "ಹೇಳು. ಮೊದಲ್ನಿಂದ ಹೇಳು."

"ಇಲ್ಲೇನ್ರೀ? ಜನ ಇದಾರೆ."

"ಇಲ್ಲೇ."

ಅವಳು ಹೇಳತೊಡಗಿದಳು. ಬೋಗುಣಿಯ ನೀರನ್ನು ಮೊಣಕೈಯಿಂದ ಮುಟ್ಟಿ ಬಿಸಿ ನೋಡಿದ್ದು. ಮೂತಿಯ ತುದಿಯಲ್ಲಿ ಬಿಳಿಯ ಎಳೆ ಎದ್ದದ್ದು. ಪೊರೆಯ ಮೇಲೆ ಒಂದೊಂದು ಹುರುಪೆಯ ಗುರುತೂ ಅಚ್ಚೊತ್ತಿದಂತೆ ಇದ್ದದ್ದು, ಅದು ಬೆಳಕಿಗೆ ಬಣ್ಣ ಬಣ್ಣವಾಗಿ ಕಂಡದ್ದು, ತನಗೆ ಸಂತೋಷವಾದದ್ದು. ಅದನ್ನೂ ಬಿಡದೆ ಹೇಳಿದಳು. ಮುಂದೆ ನಿಂತಿದ್ದ ಹುಡುಗಿಯೊಬ್ಬಳು ಕಿವಿಯಿಂದ ಹಾಡಿನ ತಂತಿ ತೆಗೆದು ಕೇಳಿಸಿಕೊಳ್ಳುತ್ತಿದ್ದಳು. ಇಸಾವೊ ಕಣ್ಣು ಮುಚ್ಚಿಕೊಂಡಿದ್ದ. ಕೋಟಿನ ಕೆಳಗಿನ ಅವನ ಕೈಗಳು ಅಲುಗಲಿಲ್ಲ. ಬಲಗಣ್ಣು ಆಯಿತು. ರೈಲು ನಿಂತಿತು. ಅವರ ನಿಲ್ದಾಣ. ಬಾಗಿಲು ತೆರೆದು ತಣ್ಣನೆಯ ಗಾಳಿ ಒಳಗೆ ಬಂತು, ಹುಡುಗಿಯರು ಒಬ್ಬರನ್ನೊಬ್ಬರು ತಳ್ಳಿಕೊಳ್ಳುತ್ತ ಇಳಿದರು. ಶಿಗೆಮಿ ಅರ್ಧ ಎದ್ದು ಗಂಡನನ್ನು ನೋಡಿದಳು. ಅವನು ಏಳಲಿಲ್ಲ. ಬಾಗಿಲು ಮುಚ್ಚಿಕೊಂಡಿತು.

"ಆಮೇಲೆ?" ಎಂದ.

ಅವಳು ಕೂತುಕೊಂಡಳು. "ಆಮೇಲೆ ಎಡಗಣ್ಣು" ಎಂದಳು.